ಬೀಗರ ಔತಣಕ್ಕೆ ಮೂರೇ ತುತ್ತು

ಕಟ್ಟೆಮಳಲವಾಡಿಯ ಸಣ್ಣಬೀರಯ್ಯನವರ ದೇಹದಲ್ಲಿ ಹೆಸರಿಗೆ ತಕ್ಕ ಹಾಗೆ ಇದ್ದದ್ದು ಸಣ್ಣ ಕರುಳು ಒಂದೇ. ಮಿಕ್ಕಿದ್ದೆಲ್ಲ ದೊಡ್ಡದು. ಮನೆಯಲ್ಲಿ ನಿಂತು ನೋಡಿಕೊಳ್ಳುವ ತೂಕದ ಯಂತ್ರದ ಮುಳ್ಳು ನೂರಿಪ್ಪತ್ತರವರೆಗೆ ಓಡಿ, ಅಲ್ಲಿಂದಾಚೆಗೆ ತನ್ನ ಕೈಲಾಗದು ಎಂದು ಕೂತುಬಿಡುತ್ತಿತ್ತು. ಕೊನೆಗೆ ಅವರನ್ನು ಹೊಗೆಸೊಪ್ಪಿನ ಬೇಲು ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿ ತೂಗಬೇಕಾಯಿತು. ನೂರ ನಲವತ್ತಾರು ಕೆಜಿ. ಹಿಂದೆ ತಮ್ಮ ಬೇಲಿನ ಸರದಿಗೆ ಕಾಯುತ್ತಿದ್ದವರು, "ಯಾವ ಗ್ರೇಡಿಗೆ ಹಾಕವ್ರಲಾ?" ಎಂದು ಕೇಳಿದರಂತೆ.

ಈ ತೂಕ ಸುಮ್ಮನೆ ಬಂದದ್ದಲ್ಲ, ಊರ ಸೇವೆಯಲ್ಲಿ ಸಂಪಾದಿಸಿದ್ದು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕಿನಲ್ಲಿ ಮದುವೆಯೆಂದರೆ ತಾಳಿ ಕಟ್ಟುವುದು ಬರೀ ಪೀಠಿಕೆ. ಅಸಲು ವಿಷಯ ಆಮೇಲೆ ಬರುವ ಬೀಗರ ಔತಣ. ಗಂಡಿನ ಮನೆಯವರು ಹೆಣ್ಣಿನ ಕಡೆಯವರನ್ನು ಕರೆದು ಬಾಡೂಟ ಹಾಕುವ ಆ ದಿನ ಬಡಿಸುವವರಾದರೂ ಸೋಲಬೇಕು, ಉಣ್ಣುವವರಾದರೂ ಸೋಲಬೇಕು. ಅದಕ್ಕೇ ಹೆಣ್ಣಿನ ಕಡೆಯವರು ನೆಂಟರ ಜೊತೆಗೆ, ಊರ ಮಾನ ಉಳಿಸುವಂತೆ ಉಣ್ಣಬಲ್ಲ ಒಬ್ಬರನ್ನು ಕರೆದುಕೊಂಡು ಹೋಗುತ್ತಿದ್ದರು. ಇಪ್ಪತ್ತು ವರ್ಷ ಆ ಒಬ್ಬರು ಸಣ್ಣಬೀರಯ್ಯನವರೇ. ಪುರೋಹಿತರು ಮುಹೂರ್ತ ಇಟ್ಟುಕೊಟ್ಟ ಮೇಲೂ ಜನ ಕಟ್ಟೆಮಳಲವಾಡಿಗೆ ಬಂದು, "ಅವತ್ತು ನಿಮಗೆ ಬಿಡುವೈತಾ ಬೀರಣ್ಣ?" ಎಂದು ವಿಚಾರಿಸಿ, ಆಮೇಲೆ ಲಗ್ನಪತ್ರಿಕೆ ಅಚ್ಚಿಗೆ ಕೊಡುತ್ತಿದ್ದರು.

ತೊಂಬತ್ತನಾಲ್ಕರಲ್ಲಿ ಬೆಟ್ಟದಪುರದ ಕಡೆಯ ಮಂಚಯ್ಯ ಎಂಬವರ ತಮ್ಮನ ಬೀಗರ ಔತಣಕ್ಕೆ ಹೆಣ್ಣಿನ ಕಡೆಯಿಂದ ಹೋದ ಸಣ್ಣಬೀರಯ್ಯನವರು ಹನ್ನೊಂದು ಮುದ್ದೆ ಮುಗಿಸಿ, "ಸಾರು ಸ್ವಲ್ಪ ಸಪ್ಪೆ" ಎಂದು ಅಭಿಪ್ರಾಯ ಹೇಳಿ ಎದ್ದಿದ್ದರು. ಮಂಚಯ್ಯ ಇನ್ನೊಂದು ಕುರಿಗೆ ಆಳು ಕಳಿಸಬೇಕಾಯಿತು. ಮನೆ ಮಾನ ಹೋಯಿತೆಂದು ಅವರಿಗೆ ಅನ್ನಿಸಲಿಲ್ಲ. ಮನೆಗೆ ದೊಡ್ಡ ಮನುಷ್ಯರು ಬಂದು ಹೋದರು ಎಂದೇ ಹದಿನೈದು ವರ್ಷ ಹೇಳಿಕೊಂಡು ತಿರುಗಿದರು.

ಆದರೆ ಊರ ಮಾನ ಹೊತ್ತ ಮಂಡಿಗಳು ಊರಿನವಲ್ಲವಲ್ಲ, ಸಣ್ಣಬೀರಯ್ಯನವರದೇ. ಐವತ್ತು ದಾಟುವ ಹೊತ್ತಿಗೆ ಮಂಡಿ ಸವೆದವು, ಸಕ್ಕರೆ ಏರಿತು, ಜಗಲಿಯಿಂದ ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ಏದುಸಿರು. ಮಧ್ಯಾಹ್ನ ಮಲಗಿ ಗೊರಕೆ ಹೊಡೆಯುವಾಗ ನಡುನಡುವೆ ಉಸಿರೇ ನಿಂತುಹೋಗುತ್ತಿತ್ತು. ಹೆಂಡತಿ ಭದ್ರಮ್ಮ ಅದನ್ನು ಗೊರಕೆಗೂ ಬಿಡುವು ಬೇಡವೇ ಎಂದುಕೊಂಡಿದ್ದರು. ಹುಣಸೂರಿನ ಶಾಲೆಯೊಂದರಲ್ಲಿ ಟೀಚರಾಗಿದ್ದ ಮಗಳು ಕಾವ್ಯಶ್ರೀ ಗಡಿಯಾರ ಹಿಡಿದು ಕೂತು ಎಣಿಸಿದಳು. ಒಂದು ಸಲ ಇಪ್ಪತ್ತೆಂಟು ಸೆಕೆಂಡು.

"ಅಪ್ಪ, ಇನ್ನು ನಿನ್ನ ಮಾತು ಕೇಳಲ್ಲ ನಾನು," ಎಂದು ಎರಡು ಸಾವಿರದ ಏಳರಲ್ಲಿ ಅವರನ್ನು ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಸೇರಿಸಿದಳು. ಅಲ್ಲಿ ಹೊಟ್ಟೆಯ ಮೇಲ್ತುದಿಯಲ್ಲಿ ಕೋಳಿಮೊಟ್ಟೆಯಷ್ಟು ಚೀಲ ಮಾತ್ರ ಬಿಟ್ಟು, ಮಿಕ್ಕ ಹೊಟ್ಟೆಯನ್ನು ಪಕ್ಕಕ್ಕೆ ಸರಿಸಿ, ಸಣ್ಣ ಕರುಳನ್ನು ಸ್ವಲ್ಪ ಕೆಳಗಿನಿಂದ ಎತ್ತಿ ತಂದು ಆ ಚೀಲಕ್ಕೇ ಹೊಲಿದರು. ಇದರ ಹೆಸರು ಬೈಪಾಸ್. "ರಸ್ತೆಗೆ ಮಾಡೋದನ್ನ ಹೊಟ್ಟೆಗೂ ಮಾಡ್ತಾರಾ?" ಎಂದು ಕೇಳಿದ ಭದ್ರಮ್ಮನಿಗೆ ಡಾಕ್ಟರು ಇಂಗ್ಲಿಷಿನಲ್ಲಿ ಚಿತ್ರ ಬರೆದು ತೋರಿಸಿದರು. ಚಿತ್ರ ಭದ್ರಮ್ಮನಿಗೆ ನೂಲು ಗಂಟು ಬಿದ್ದ ಹಾಗೆ ಕಂಡಿತು.

ಗಂಟು ಬಿಡಿಸಿದ್ದು ಆಸ್ಪತ್ರೆಯ ಡಯಟಿಷಿಯನ್ ಪ್ರಮೀಳಾ. ಬೀಚನಹಳ್ಳಿಯ ಹುಡುಗಿ, ಅಪ್ಪ ಕಬಿನಿ ನಾಲೆಯಲ್ಲಿ ನೀರು ಬಿಡುವ ನೀರಗಂಟಿ. ಸಣ್ಣಬೀರಯ್ಯನವರ ಮಾತಿನ ಧಾಟಿ ಕೇಳಿದ್ದೇ ಆಕೆಯ ಬೆಂಗಳೂರು ಕನ್ನಡ ಜಾರಿತು.

"ಯಜಮಾನ್ರೇ, ನಾಲೆ ಕೊನೇಲಿರೋ ಗದ್ದೆಗೆ ನೀರು ಬತ್ತದಾ?"

"ಎಲ್ಲಿ ಬತ್ತದೆ ತಾಯಿ? ಮೇಲ್ಗಡೆಯೋರೇ ಹಿಡ್ಕೊಂಡು ಬುಡ್ತಾರೆ."

"ನಿಮ್ ಕರುಳೂ ಅಂಗೇ ಇತ್ತು. ನೀವು ಉಂಡ ತುಪ್ಪ, ಕೊಬ್ಬು ಎಲ್ಲ ಬಾಳಾ ಮಟ್ಟಿಗೆ ಮೇಲ್ಗಡೇಲೇ ಇಂಗೋಯ್ತಿತ್ತು. ಕೊನೇಲಿ ಕೂತಿರೋರಿಗೆ ಸುದ್ದಿ ಮುಟ್ಟೋದೇ ನಿಧಾನ. ಸುದ್ದಿ ಮುಟ್ಟಿದ್ರೆ ಅವ್ರು ಮಿದುಳಿಗೆ ಹೇಳಿ ಕಳಿಸ್ತಾರೆ, ಸಾಕು, ತೂಬು ಮುಚ್ಚಿ ಅಂತ. ಈಗ ಡಾಕ್ಟ್ರು ಮೇಲ್ಗಡೆ ಗದ್ದೆ ತಪ್ಸಿ ನಾಲೇನ ನೇರ ಕೆಳಕ್ಕೆ ತಿರುಗ್ಸವ್ರೆ. ಒಂದು ತುತ್ತು ಜಿಡ್ಡು ಬಿದ್ರೂ ಕೊನೆಯೋರ ಮಂಡಿವರ್ಗೂ ನೀರು. ಆಗ ಹುಯ್ಲಿಡ್ತಾರೆ ನೋಡಿ."

"ಆ ಕೊನೆಯೋರ ಹೆಸ್ರೇನು?"

"ಹಾರ್ಮೋನು ಅಂತಾರೆ. ಒಂದು ಜಿಎಲ್‌ಪಿ-ಒನ್, ಇನ್ನೊಂದು ಪಿವೈವೈ."

"ಯಾವ್ದೋ ಹೊಸ ಪಕ್ಷದ ಹೆಸ್ರು ಇದ್ದಂಗೈತೆ."

"ಪಕ್ಷಾನೇ ಯಜಮಾನ್ರೇ. ನಿಮ್ ಪಾಲಿಗೆ ವಿರೋಧ ಪಕ್ಷ."

ವಿರೋಧ ಪಕ್ಷ ಚೆನ್ನಾಗಿಯೇ ಕೆಲಸ ಮಾಡಿತು. ಎರಡು ವರ್ಷದಲ್ಲಿ ಸಣ್ಣಬೀರಯ್ಯನವರು ಎಪ್ಪತ್ತೊಂಬತ್ತು ಕೆಜಿಗೆ ಇಳಿದರು. ಸಕ್ಕರೆಯ ಮಾತ್ರೆ ನಿಂತಿತು, ಮಧ್ಯಾಹ್ನದ ಉಸಿರು ಹಳಿಗೆ ಬಂತು. ಮೊಟ್ಟೆಯ ಬಿಳಿ, ಬೇಳೆಕಟ್ಟು, ಕೆನೆ ತೆಗೆದ ಮೊಸರು, ಬೆರಳೆಣಿಕೆಯ ತುತ್ತು. ಕದ್ದು ಒಂದು ಚಮಚ ತುಪ್ಪ ಬಾಯಿಗೆ ಬಿಟ್ಟುಕೊಂಡರೆ ಸಾಕು, ಎದೆ ಡವಡವ, ಮೈ ಬೆವರು, ಜಗಲಿ ಮೇಲೆ ಅಂಗಾತ. ತುಪ್ಪ ಕಂಡರೆ ಮೊದಲು ಬಾಯಲ್ಲಿ ಬರುತ್ತಿದ್ದ ನೀರು ಈಗ ಹಣೆಯಲ್ಲಿ ಬರುತ್ತಿತ್ತು.

ಕೊಬ್ಬು ಇಳಿದರೆ ಮನುಷ್ಯನಿಗೆ ಮರ್ಯಾದೆ ಹೆಚ್ಚಬೇಕು. ಇವರ ವಿಷಯದಲ್ಲಿ ತಿರುಗಾಮುರುಗಾ. ಊರ ಪರವಾಗಿ ಉಣ್ಣಲು ಕರೆಯುವವರು ನಿಂತರು. ಅವರ ಮಾತಿನಲ್ಲಿ ಹಿಂದಿನ ತೂಕ ಉಳಿದಿದ್ದರೂ ಮೈಯಲ್ಲಿ ಉಳಿದಿರಲಿಲ್ಲ. ಟೀ ಅಂಗಡಿಯಲ್ಲಿ ಒಬ್ಬ, "ಅಂಥಾ ಹೊಟ್ಟೇನ ಹಾಳು ಮಾಡ್ಬುಟ್ರಲ್ಲೋ," ಎಂದು ಹಳೇ ಕಲ್ಲುಕಟ್ಟಡ ಕೆಡವಿದವರ ಬಗ್ಗೆ ಆಡುವ ಹಾಗೆ ಆಡಿದ. ಸಣ್ಣಬೀರಯ್ಯನವರು ಇದನ್ನೆಲ್ಲ ನುಂಗಿಕೊಂಡರು. ನುಂಗಲು ಅಷ್ಟಾದರೂ ಇತ್ತಲ್ಲ.

ಅಷ್ಟರಲ್ಲಿ ಕಾವ್ಯಶ್ರೀಗೆ ಸಂಬಂಧ ಕೂಡಿ ಬಂತು. ಹುಡುಗ ಕನಕರಾಜು, ಪಿರಿಯಾಪಟ್ಟಣದ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಹುಡುಗ ಹುಡುಗಿ ಒಪ್ಪಿದರು. ಹುಡುಗನ ಅಪ್ಪ ಯಾರೆಂದು ನೋಡಿದರೆ, ಅದೇ ಬೆಟ್ಟದಪುರದ ಕಡೆಯ ಮಂಚಯ್ಯ! ಹೆಣ್ಣಿನ ತಂದೆಯ ಹೆಸರು ಕೇಳಿದ್ದೇ ತಡ, ಅವರು ಜಾತಕ ಮಡಿಸಿಟ್ಟರಂತೆ. "ಬೀರಣ್ಣನೋರ ಮನೆ ಅಂದ್ಮೇಲೆ ಇದ್ಯಾಕೆ? ಅವ್ರು ನಮ್ಮನೇಲಿ ಇನ್ನೊಂದು ಸಲ ಎಲೆ ಮುಂದೆ ಕೂತ್ಕೊಂಡ್ರೆ ಅಷ್ಟೇ ಸಾಕು."

ಹೆಣ್ಣು ಕೇಳಲು ಬಂದಾಗ ಮಂಚಯ್ಯ ಬಾಗಿಲಲ್ಲೇ ನಿಂತು ನೋಡಿದರು. "ಇದೇನ್ ಬೀರಣ್ಣ, ಅರ್ಧ ಆಗೋಗಿದ್ದೀರಿ!"

ಸಣ್ಣಬೀರಯ್ಯನವರು ಬಾಯಿ ತೆರೆಯುವ ಮೊದಲೇ ಭದ್ರಮ್ಮ, "ಶುಗರ್ ಬಂದಿತ್ತು ಕಣ್ರೀ, ದಿನಾ ವಾಕಿಂಗು," ಎಂದುಬಿಟ್ಟರು. ಹೊಟ್ಟೆ ಕುಯ್ಸಿಕೊಂಡ ಮನೆತನ ಎಂದರೆ ಸಂಬಂಧ ಎಲ್ಲಿ ಮುರಿಯುತ್ತದೋ ಎಂಬ ಭಯ ಅವರಿಗೆ.

"ಮೈ ಇಳಿದ್ರೇನು ಬುಡಿ, ಹೊಟ್ಟೆ ಅದೇ ಅಲ್ವಾ," ಎಂದರು ಮಂಚಯ್ಯ.

ಅಂದು ಸೋಮವಾರ, ಒಪ್ಪೊತ್ತು ಎಂದು ಹೇಳಿ ಸಣ್ಣಬೀರಯ್ಯನವರು ಎಲೆಯಿಂದ ತಪ್ಪಿಸಿಕೊಂಡರು. ಮದುವೆಯ ದಿನ ಧಾರೆ ಎರೆಯುವವರೆಗೆ ಹೆಣ್ಣಿನ ತಂದೆ ಉಪವಾಸ ಇರಬೇಕು, ಆಮೇಲೆ ಯಾರು ನೋಡುತ್ತಾರೆ? ಆದರೆ ಬೀಗರ ಔತಣದಲ್ಲಿ ಹೆಣ್ಣಿನ ತಂದೆಯದೇ ಮೊದಲ ಎಲೆ. ಅಲ್ಲಿ ಸೋಮವಾರ ಶನಿವಾರ ನಡೆಯದು. ಮಂಚಯ್ಯನವರ ಮನೆಯಲ್ಲಂತೂ ಯಜಮಾನರು ಬೀಗರ ಎದುರಿಗೇ ಎಲೆ ಹಾಕಿಸಿಕೊಂಡು ತುತ್ತಿಗೆ ತುತ್ತು ಸರಿಸಮ ಉಣ್ಣುವುದು ರೂಢಿ. ಬೀಗರ ಎಲೆಯಲ್ಲಿ ಒಂದು ತುಂಡು ಬಾಡು ಉಳಿದರೂ ಮನೆಗೆ ಅವಮಾನ.

ಉಳಿದರೆ ಏನಾಗುತ್ತದೆ ಎಂಬುದು ಭದ್ರಮ್ಮನಿಗೆ ಮದುವೆಗೆ ಮೂರು ತಿಂಗಳಿದ್ದಾಗ ಗೊತ್ತಾಯಿತು. ಮಂಚಯ್ಯನವರ ಹಿರೀ ಸೊಸೆ ರೂಪಶ್ರೀ ಕೆ.ಆರ್. ನಗರದವಳು. ಅವಳ ತಂದೆ ಹಲ್ಲುನೋವೆಂದು ಎರಡು ತುಂಡು ಬಿಟ್ಟು ಎದ್ದಿದ್ದರು. ನಾಲ್ಕು ವರ್ಷವಾಯಿತು. ಆ ಹುಡುಗಿ ಸಾರಿಗೆ ಉಪ್ಪು ಹಾಕಿದರೂ, ಹಾಕದಿದ್ದರೂ, ಅತ್ತೆ ಮಲ್ಲಾಜಮ್ಮ, "ನಿಮ್ಮಪ್ಪನಿಗೆ ನಮ್ಮನೆ ಬಾಡು ಸೇರ್ಲಿಲ್ಲ, ನಿನಗೆಲ್ಲಿ ಸೇರ್ತದೆ," ಎನ್ನುವುದು ತಪ್ಪಿಲ್ಲ. ಇದನ್ನು ಹೇಳಿದ್ದು ರೂಪಶ್ರೀಯ ತಾಯಿಯೇ.

ಸಣ್ಣಬೀರಯ್ಯನವರಿಗೆ ಆವತ್ತು ಅರ್ಧ ತುತ್ತೂ ಇಳಿಯಲಿಲ್ಲ. ಅದಕ್ಕೆ ಹಾರ್ಮೋನು ಕಾರಣವಲ್ಲ. "ನನ್ನ ಹೊಟ್ಟೆ ದೆಸೆಯಿಂದ ಮಗೀನ ಬಾಳೆಲ್ಲ ಅನ್ನಿಸ್ಕಬೇಕಾ?" ಎಂದು ಕಂಬಕ್ಕೆ ಒರಗಿ ಕೂತರು.

"ಭಾವ, ಯಾಕ್ ಹೆದರ್ತೀರಿ? ವಿರೋಧ ಪಕ್ಷ ಅಂದ್ಮೇಲೆ ಒಳಗೊಳಗೇ ಮಾತಾಡ್ಕೊಳ್ಳೋ ದಾರಿ ಇದ್ದೇ ಇರ್ತದೆ," ಎಂದವನು ಭದ್ರಮ್ಮನ ತಮ್ಮ ನಂಜಣ್ಣ. ಸರಗೂರಿನಲ್ಲಿ ಅವನದು ದಿನಸಿ ಅಂಗಡಿ. ಅವನ ಯೋಚನೆ ಸರಳ. ಕೊನೇ ಗದ್ದೆಯವರು ಹುಯಿಲಿಡುವುದು ಜಿಡ್ಡು ಕಂಡು ತಾನೆ? ಯಾವ ಜಿಡ್ಡು ಸದ್ದಿಲ್ಲದೆ ಹಾದುಹೋಗುತ್ತದೆ ಎಂದು ಕಂಡುಹಿಡಿದರೆ ಆಯಿತು. ಅಂಗಡಿಯಲ್ಲಿ ಇಲ್ಲದ ಎಣ್ಣೆಯಿಲ್ಲ.

ಹೀಗೆ ಕಟ್ಟೆಮಳಲವಾಡಿಯ ಹಿತ್ತಲಲ್ಲಿ ಪ್ರತಿ ಭಾನುವಾರ ಸಂಶೋಧನೆ ನಡೆಯಿತು. ಅದೇ ರಾಗಿಮುದ್ದೆ, ಅದೇ ನಾಟಿಕೋಳಿ ಸಾರು. ಒಗ್ಗರಣೆಯ ಜಿಡ್ಡು ಮಾತ್ರ ವಾರಕ್ಕೊಂದು. ತುತ್ತು ನಿಂಬೆಹಣ್ಣಿನ ಗಾತ್ರ ಮೀರಬಾರದು. ಭದ್ರಮ್ಮ ತುತ್ತು ಎಣಿಸುವುದು, ನಂಜಣ್ಣ ಗಡಿಯಾರ ನೋಡುವುದು, ಸಣ್ಣಬೀರಯ್ಯನವರು ಬೆವರುವುದು.

ಕಡಲೆಕಾಯಿ ಎಣ್ಣೆಗೆ ಮೂರು ತುತ್ತು. ಹುಚ್ಚೆಳ್ಳೆಣ್ಣೆಗೆ ಎರಡೂವರೆ, ಆಮೇಲೆ ತೇಗು. ತುಪ್ಪಕ್ಕೆ ಮೂರು, ಜೊತೆಗೆ ಜಗಲಿ. ಕುರಿಯ ಬಾಲದ ಕೊಬ್ಬು ಕರಗಿಸಿ ಹಾಕಿದ ವಾರ ಎರಡನೇ ತುತ್ತಿಗೇ ಅವರು ಕೈಯೆತ್ತಿ, "ಬಾಗ್ಲು ತೆಗೀರಿ, ಗಾಳಿ," ಎಂದರು. ಕೊಡಗಿನಿಂದ ಹಂದಿಯ ಕೊಬ್ಬು ತರಿಸುತ್ತೇನೆಂದು ನಂಜಣ್ಣ ಹೊರಟಾಗ ಭದ್ರಮ್ಮ ಸೌಟು ಎತ್ತಿದರು.

ಎಂಟನೇ ಭಾನುವಾರ ಕೇರಳದ ಮಾನಂದವಾಡಿ ಕಡೆಯ ಲಾರಿಯಲ್ಲಿ ಬಂದ ಕೊಬ್ಬರಿ ಎಣ್ಣೆ. ಮೂರು ತುತ್ತಾಯಿತು, ನಾಲ್ಕಾಯಿತು, ಐದು. ಹಣೆ ಒಣಗಿಯೇ ಇತ್ತು. ಆರು. ಏಳನೇ ತುತ್ತು ಒಳಗೆ ಹೋದಾಗ ಭದ್ರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಗುವಿಗೆ ಮೊದಲ ಹಲ್ಲು ಬಂದಾಗಲೂ ಆಕೆ ಅಷ್ಟು ಸಂತೋಷಪಟ್ಟಿರಲಿಲ್ಲ.

ನಂಜಣ್ಣ ಅಲ್ಲಿಂದಲೇ ಮೊಬೈಲಿನಲ್ಲಿ ಪ್ರಮೀಳಾಗೆ ಸುದ್ದಿ ಮುಟ್ಟಿಸಿದ. ಆಕೆ ನಕ್ಕು ನಕ್ಕು ಸುಸ್ತಾಗಿ ಹೇಳಿದಳು: "ನೀವು ಹೇಳೋದ್ರಲ್ಲಿ ಒಂಚೂರು ಸತ್ಯ ಇರಬೌದು ಅಣ್ಣ. ಕೊಬ್ಬರಿ ಜಿಡ್ಡಿನ ತುಣುಕು ಗಿಡ್ಡ, ಬೇಗ ಇಂಗ್ತದೆ. ಮಿಕ್ಕಿದ್ದರ ತುಣುಕು ಉದ್ದ, ಕೆಳಗಿಳಿದು ಜಾಸ್ತಿ ಸದ್ದು ಮಾಡ್ತದೆ ಅಂತಾರೆ. ಆದ್ರೆ ಒಬ್ಬೊಬ್ರ ಕರುಳು ಒಂದೊಂದು ಥರ. ದೊಡ್ಡೋರೇ ಇನ್ನೂ ಹುಡುಕ್ತಾವ್ರೆ, ನೀವು ಎಂಟು ಭಾನುವಾರದಲ್ಲಿ ಮುಗಿಸ್ಬೇಡಿ. ಅಲ್ಲದೆ ಎಣ್ಣೆ ಬದಲಾದ್ರೆ ಚೀಲ ಏನ್ ದೊಡ್ಡದಾಗಲ್ಲ. ಆ ಸಾಕು ಅನ್ನೋ ಮಾತಿಗೆ ತಾನೆ ಅವ್ರು ಅಷ್ಟು ದುಡ್ಡು ಕೊಟ್ಟು ಮಲಗಿದ್ದು? ಈಗ ಅದರ ಬಾಯಿ ಕಟ್ತೀರಾ?"

ನಂಜಣ್ಣನಿಗೆ ಮೊದಲ ವಾಕ್ಯ ಮಾತ್ರ ಕೇಳಿಸಿತು.

ಮದುವೆ ಮುಗಿದ ಮೂರನೆಯ ದಿನ ಬೀಗರ ಔತಣ. ಬೆಳಿಗ್ಗೆಯೇ ನಂಜಣ್ಣ ಸೋದರಮಾವನ ಉಡುಗೊರೆಯೆಂದು ಹದಿನೈದು ಕೆಜಿಯ ಕೊಬ್ಬರಿ ಎಣ್ಣೆ ಡಬ್ಬ ಹೊತ್ತು ಮಂಚಯ್ಯನವರ ಹಿತ್ತಲಿಗೆ ಇಳಿದ. ಬಾಡೂಟದ ಅಡಿಗೆಗೆ ಬಂದಿದ್ದ ಪುಟ್ಟಮಲ್ಲಪ್ಪ ಮುಚ್ಚಳ ತೆಗೆದು ಮೂಸಿ ಎರಡು ಹೆಜ್ಜೆ ಹಿಂದಕ್ಕೆ ಸರಿದ.

"ಏನ್ ಸ್ವಾಮಿ ಇದು, ತಲೆಗೆ ಹಚ್ಚೋದು? ಬೀಗರಿಗೆ ಉಣ್ಣಾಕ್ ಇಕ್ಬೇಕೋ, ಎಣ್ಣೆ ನೀರು ಹಾಕ್ಬೇಕೋ?"

"ಕೇರಳದಲ್ಲಿ ಬಾಡಿಗೆ ಇದನ್ನೇ ಹಾಕೋದು ಕಣಯ್ಯ."

"ಅಂಗಾದ್ರೆ ಬೀಗ್ರನ್ನ ಕೇರಳಕ್ಕೇ ಕರ್ಕೊಂಡೋಗಿ. ಯಜಮಾನ್ರು ನೋಡಿ ನೋಡಿ ಕೊಬ್ಬಿದ ಕುರಿ ತರಿಸವ್ರೆ, ಬೀಗರು ಜಿಡ್ಡು ಇಷ್ಟಪಡೋರು ಅಂತ. ಮೇಲಿಂದ ಎರಡು ಸೇರು ತುಪ್ಪ ಬೇರೆ."

ಡಬ್ಬ ಹುಲ್ಲಿನ ಮೆದೆಯ ಪಕ್ಕದಲ್ಲಿ ಕೂತಿತು. ಎಂಟು ಭಾನುವಾರದ ಸಂಶೋಧನೆಯೂ ಅದರ ಪಕ್ಕದಲ್ಲೇ ಕೂತಿತು.

ಚಪ್ಪರದಡಿ ಇನ್ನೂರು ಎಲೆ. ಮೊದಲ ಎಲೆ ಸಣ್ಣಬೀರಯ್ಯನವರದು, ಎದುರೆಲೆ ಮಂಚಯ್ಯನವರದು. ಮಂಚಯ್ಯ ಮದುವೆ ಮಾತಿನ ದಿನಕ್ಕಿಂತ ಸಾಕಷ್ಟು ಊದಿಕೊಂಡಿದ್ದನ್ನು ಆ ಗಾಬರಿಯಲ್ಲಿ ಸಣ್ಣಬೀರಯ್ಯನವರು ಗಮನಿಸಲಿಲ್ಲ. ಮುದ್ದೆ ಬಂತು, ಸಾರು ಬಂತು. ಸಾರಿನ ಮೇಲೆ ಬೆರಳು ಗಾತ್ರದ ಜಿಡ್ಡು ಹೊಳೆಯುತ್ತಿತ್ತು. ಮಲ್ಲಾಜಮ್ಮ ತಾವೇ ಬಂದು ಒಂದು ನಳ್ಳಿ ಮೂಳೆ ಎತ್ತಿ, ಸೌಟಿನ ಹಿಡಿಗೆ ಕುಟ್ಟಿ, ಒಳಗಿನ ನೆಣವನ್ನು ಬೀಗರ ಮುದ್ದೆಯ ಮೇಲೆ ಜಾರಿಸಿದರು. ಪಕ್ಕದಲ್ಲಿ ಎಂಟು ತುಂಡು ಬಾಡು.

"ತಗೊಳ್ಳಿ ಬೀಗರೇ. ಹದಿನೈದು ವರ್ಷದಿಂದ ಕಾಯ್ತಾ ಇದ್ದೀವಿ," ಎಂದರು ಮಂಚಯ್ಯ.

ಮೊದಲ ತುತ್ತು. ಎದುರಿನಿಂದ ಮಂಚಯ್ಯನವರೂ ಒಂದು. ಪಂಕ್ತಿಯೆಲ್ಲ ಇತ್ತಲೇ ನೋಡುತ್ತಿತ್ತು. ಎರಡನೇ ತುತ್ತು. ನಡುಮನೆಯ ಬಾಗಿಲಲ್ಲಿ ಹೊಸ ಸೀರೆಯ ಕಾವ್ಯಶ್ರೀ ನಿಂತಿದ್ದಳು, ಅಪ್ಪನ ಹಣೆಯನ್ನೇ ನೋಡುತ್ತ. ಮೂರನೇ ತುತ್ತಿಗೆ ಕೊನೇ ಗದ್ದೆಯವರೆಲ್ಲ ಒಟ್ಟಿಗೆ ಎದ್ದರು. ಎದೆ ಡವಡವ ಎಂದಿತು, ಕಿವಿ ಬಿಸಿಯಾಯಿತು, ಬೆವರು ಹುಬ್ಬಿನಿಂದ ಎಲೆಗೆ ತೊಟ್ಟಿಕ್ಕಿತು. ಇನ್ನೊಂದು ತುತ್ತು ಇಟ್ಟರೆ ಎಲ್ಲವೂ ಬಂದ ದಾರಿಯಲ್ಲೇ ವಾಪಸು. ಅದಕ್ಕಿಂತ ದೊಡ್ಡ ಅವಮಾನ ಯಾವ ಬೀಗನೂ ಯಾವ ಮನೆಗೂ ಮಾಡಿರಲಾರ.

ಅವರು ಕೈ ನಿಲ್ಲಿಸಿದರು.

"ಬೀಗರೇ, ನಿಮಗೊಂದು ಸುಳ್ಳು ಹೇಳಿದ್ದೀವಿ. ವಾಕಿಂಗಿಗೆ ಇಳಿದ ಮೈ ಅಲ್ಲ ಇದು. ಹೊಟ್ಟೆ ಕುಯ್ಸಿ ಕೋಳಿಮೊಟ್ಟೆಯಷ್ಟು ಮಾಡ್ಸಿದೀನಿ. ಜಿಡ್ಡು ಬಿದ್ರೆ ಮೂರೇ ತುತ್ತು, ಆಮೇಲೆ ನಾನೇ ಬಿದ್ದೋಯ್ತೀನಿ. ನಿಮ್ ಬಾಡು ಬಲು ಚೆನ್ನಾಗೈತೆ. ಎಲೇಲಿ ಬಿಟ್ಟಿದ್ದು ನನ್ನ ತಪ್ಪು. ಇದ್ನ ಹಿಡ್ಕೊಂಡು ನನ್ನ ಮಗೀನ ಮಾತ್ರ ಅನ್ಬೇಡಿ."

ಇನ್ನೂರು ಎಲೆಯ ಮುಂದಿನ ತಲೆಗಳು ಎದುರೆಲೆಯ ಕಡೆ ತಿರುಗಿದವು. ಮಂಚಯ್ಯನವರ ಮುಖ ಕೆಂಪಗಾಯಿತು.

"ಅಯ್ಯೋ ನಿಮ್ಮ!" ಎಂದು ಅವರು ಎಂಜಲು ಕೈಯನ್ನೇ ತೊಡೆಗೆ ಬಡಿದುಕೊಂಡರು. "ಇದ್ನ ಮೊದ್ಲೇ ಬೊಗಳಬಾರದಾಗಿತ್ತಾ? ಮೂರು ತಿಂಗ್ಳಿಂದ ನಾನು ದಿನಕ್ಕೆ ಎರಡೆರಡು ಮುದ್ದೆ ಜಾಸ್ತಿ ನುಂಗ್ತಾ ಇದ್ದೀನಿ, ನಿಮ್ಮ ಸಮಕ್ಕೆ ಉಣ್ಣೋಕೆ ರೂಢಿ ಆಗ್ಲಿ ಅಂತ! ಹನ್ನೆರಡು ಕೆಜಿ ಏರಿದ್ದೀನಿ. ಮೆಟ್ಟಿಲು ಹತ್ತಕ್ಕಾಗಲ್ಲ, ರಾತ್ರಿ ಮಲಗಿದ್ರೆ ಎದೆ ಮೇಲೆ ಹುಳಿತೇಗು!"

ಯಾರೋ ಒಬ್ಬರು ಮೂಗಿನಲ್ಲಿ ನಕ್ಕರು. ಆಮೇಲೆ ಹತ್ತು ಜನ. ಆದರೆ ಮಲ್ಲಾಜಮ್ಮ ನಗಲಿಲ್ಲ. ಅವರು ಬೀಗರ ಎಲೆಯನ್ನೂ ಅದರಲ್ಲಿದ್ದ ಎಂಟು ತುಂಡು ಬಾಡನ್ನೂ ನೋಡುತ್ತಿದ್ದರು. ಸಣ್ಣಬೀರಯ್ಯನವರಿಗೆ ಅವರ ಮುಖವೊಂದೇ ಕಾಣುತ್ತಿತ್ತು. ಮುಂದಿನ ನಾಲ್ಕು ವರ್ಷದ ಮಾತು ಹುಟ್ಟುವುದು ಆ ಬಾಯಲ್ಲಿ.

"ಬಾಡು ಬಿಟ್ಟು ಎಲೆ ಎತ್ತಬಾರ್ದು ಅಂತ ಈ ಮನೇಲಿ ಮಾತು," ಎಂದರು ಮಲ್ಲಾಜಮ್ಮ ನಿಧಾನವಾಗಿ. "ಯಾರು ಉಂಡು ಮುಗಿಸ್ಬೇಕು ಅಂತ ಮಾತಿಲ್ಲ. ಕಾವ್ಯಾ, ಬಾವ್ವ ಇಲ್ಲಿ. ನಿಮ್ಮಪ್ಪನ ಪಕ್ಕ ಕೂತ್ಕೊ."

"ಅತ್ತೆ, ಗಂಡಸ್ರ ಪಂಕ್ತಿ..."

"ಕುರಿ ಕೇಳ್ತದಾ ನಿನ್ನ, ನೀನು ಗಂಡಸಾ ಹೆಂಗಸಾ ಅಂತ? ಬಾ."

ಕಾವ್ಯಶ್ರೀ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದು ಕೂತಳು. ಎಲೆ ತನ್ನ ಕಡೆಗೆ ಎಳೆದುಕೊಂಡಳು. ಸಾರಿನ ಬೋಗುಣಿ ಹಿಡಿದು ಪಂಕ್ತಿಯ ನಡುವೆ ನಿಂತಿದ್ದ ಹಿರೀ ಸೊಸೆ ರೂಪಶ್ರೀ ಮೆಲ್ಲಗೆ, ಆದರೆ ನಾಲ್ಕು ಎಲೆಗೆ ಕೇಳುವಂತೆ ಹೇಳಿದಳು:

"ಈ ಮಾತು ನಮ್ಮಪ್ಪನ ಹಲ್ಲುನೋವಿನ ದಿನ ಹೊಳೆದಿದ್ರೆ ಚೆನ್ನಾಗಿತ್ತು, ಅತ್ತೆ."

ಮಲ್ಲಾಜಮ್ಮ ರೂಪಶ್ರೀಯ ಕಡೆಗೆ ತಿರುಗಿದರು. ಸೊಸೆಯ ಕೈಯಿಂದ ಬೋಗುಣಿ ತೆಗೆದುಕೊಂಡರು. "ಆ ಮಾತು ಇವತ್ತಿಗೆ ಮುಗೀತು ಬುಡು. ನೀನೂ ಕೂತ್ಕೊ. ನಾನು ಇಕ್ತೀನಿ."

ಸಣ್ಣಬೀರಯ್ಯನವರು ಕಂಬಕ್ಕೆ ಒರಗಿ ಉಸಿರು ಸುಧಾರಿಸಿಕೊಂಡರು. ಎದೆಯ ಬಡಿತ ಇಳಿಯುತ್ತಿತ್ತು. ಪಕ್ಕದಲ್ಲಿ ಮಗಳು ಒಂದು ತುಂಡು, ಎರಡು ತುಂಡು, ಎಂಟೂ ತುಂಡು ಮುಗಿಸಿ, ಮುದ್ದೆಯ ಕೊನೆಯ ತುತ್ತಿನಲ್ಲಿ ಎಲೆಯ ಸಾರನ್ನೆಲ್ಲ ಒರೆಸಿ ಬಾಯಿಗಿಟ್ಟು, ಮುಖ ಎತ್ತಿದಳು.

"ಅತ್ತೆ, ಇನ್ನೊಂದು ಮುದ್ದೆ."

ಮಲ್ಲಾಜಮ್ಮ ಮುದ್ದೆ ಹಾಕಿದರು. ಎದುರೆಲೆಯ ಮಂಚಯ್ಯ ಸೊಸೆಯ ಮುದ್ದೆ ನೋಡಿದರು, ತಮ್ಮ ಹೊಟ್ಟೆ ನೋಡಿಕೊಂಡರು, ಸರಿಸಮ ಉಣ್ಣುವ ರೂಢಿ ಸೊಸೆಯಂದಿರಿಗೂ ಅನ್ವಯಿಸುತ್ತದೆಯೇ ಎಂದು ಹೆಂಡತಿಯ ಮುಖ ನೋಡಿದರು.